ಅಪ್ಪನ ಜೊತೆ ಹಳೇ ವಿಮಾನಗಳನ್ನ ಹುಡುಕ್ಕೊಂಡು ಹೋದ ಐದು ದಿನ

2025ರ ಸೆಪ್ಟೆಂಬರ್ 26, ಟೀವೀಲಿ ಮಿಗ್-21 ಯುದ್ಧವಿಮಾನದ ಬೀಳ್ಕೊಡುಗೆ ತೋರಿಸ್ತಿದ್ರು. 1963ರಲ್ಲಿ ಚಂಡೀಗಢದಲ್ಲೇ ಏರ್‌ಫೋರ್ಸ್ ಸೇರಿದ್ದು, 62 ವರ್ಷ ಹಾರಿ ಅದೇ ಚಂಡೀಗಢದಲ್ಲಿ ಕೊನೇ ಸಲ ಇಳೀತು. ಅಪ್ಪ ಊಟದ ತಟ್ಟೆ ಕೈಯಲ್ಲಿ ಹಿಡ್ಕೊಂಡು ನಿಂತೇ ನೋಡಿದ್ರು, ಅನ್ನ ಆರಿ ಹೋಯ್ತು, ಕೊನೆಗೆ "ನ್ಯಾಟ್ ಹೋದಾಗ ಯಾರೂ ತೋರಿಸ್ಲಿಲ್ಲ, ಮಾರುತ್ ಹೋದಾಗಂತೂ ಗೊತ್ತೇ ಆಗ್ಲಿಲ್ಲ" ಅಂದ್ರು. ಅಷ್ಟೇ. ಆ ಮಾತು ನನ್ನನ್ನ ಎರಡು ದಿನ ಬಿಡ್ಲಿಲ್ಲ. ಅಪ್ಪ ಏರ್‌ಫೋರ್ಸಲ್ಲಿ ಆರ್ಮಮೆಂಟ್ ಕೆಲಸದಲ್ಲಿದ್ದವರು, ಅಂದ್ರೆ ವಿಮಾನದ ಗನ್ನು, ಬಾಂಬು, ರಾಕೆಟ್ಟು, ಅಪಾಯ ಬಂದ್ರೆ ಪೈಲಟ್ಟನ್ನ ಹೊರಗೆ ಚಿಮ್ಮಿಸೋ ಇಜೆಕ್ಷನ್ ಸೀಟಿನ ಸಿಡಿಮದ್ದಿನ ಕಾರ್ಟ್ರಿಜ್ಜು ಇವನ್ನ ನೋಡ್ಕೊಳ್ಳೋರು. ಮೊದಲು ಮಾರುತ್, ಆಮೇಲೆ ನ್ಯಾಟ್, ಕೊನೇಲಿ ಹಂಟರ್. ಈಗ 75 ವಯಸ್ಸು, ಜೆಟ್ ಸದ್ದಿಗೆ ಎಡಗಿವಿ ಪೂರ್ತಿ ಹೋಗಿದೆ, ಮಂಡಿ ನೋವು. ಅವರು ಕೆಲಸ ಮಾಡಿದ ವಿಮಾನಗಳನ್ನ ಇನ್ನೊಂದು ಸಲ ಕಣ್ಣಾರೆ ತೋರಿಸ್ಬೇಕು ಅನ್ನಿಸ್ತು, ಐದು ದಿನ ರಜೆ ಹಾಕಿದೆ.

ಮೊದಲನೇ ದಿನ, ಮಡಿಕೇರಿ

ಮೈಸೂರಿಂದ ಹೊರಡೋದು ಅಂತಾದ್ರೆ ಸೀದಾ ಬೆಂಗಳೂರಿಗೆ ಹೋಗ್ಬೇಕು, ಆದ್ರೆ ಅಪ್ಪ ಮೊದಲು ಮಡಿಕೇರಿ ಅಂತ ಪಟ್ಟು ಹಿಡಿದ್ರು. ಹುಣಸೂರು ದಾಟೋವರೆಗೂ ಯಾಕೆ ಅಂತ ಹೇಳ್ಲಿಲ್ಲ. ಕಾರಲ್ಲಿ ಸುಮ್ನೆ ಕೂತ್ರೆ ಅವರಿಗೊಂದು ಅಭ್ಯಾಸ, ಎಚ್‌ಎಂಟಿ ವಾಚನ್ನ ಬಿಚ್ಚಿ ಅದರ ಸ್ಟೀಲ್ ಪಟ್ಟಿನ ಹೆಬ್ಬೆರಳಲ್ಲಿ ಒಂದೊಂದೇ ಕೊಂಡಿ ಸವರ್ತಾ ಇರ್ತಾರೆ, ನಾನು ಚಿಕ್ಕವಳಿದ್ದಾಗಿಂದ ನೋಡಿದೀನಿ. ಪಿರಿಯಾಪಟ್ಟಣದ ಹತ್ರ ಪಟ್ಟಿ ಸವರ್ತಾ ಸವರ್ತಾ ದೇವಯ್ಯ ಅವರ ಕಥೆ ಶುರು ಮಾಡಿದ್ರು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, ಕೊಡಗಿನವರು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ 1ನೇ ಸ್ಕ್ವಾಡ್ರನ್‌ನ 12 ಮಿಸ್ಟೇರ್ ವಿಮಾನ ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಹೋಗ್ಬೇಕಿತ್ತು, ದೇವಯ್ಯ ಆ ಹನ್ನೆರಡರಲ್ಲಿ ಇರ್ಲೇ ಇಲ್ಲ, ಸ್ಟ್ಯಾಂಡ್‌ಬೈ. ಯಾವುದಾದ್ರೂ ವಿಮಾನ ಕೈ ಕೊಟ್ರೆ ಆ ಜಾಗಕ್ಕೆ ಹೋಗೋದು ಅವರ ಕೆಲಸ, ಹಾಗೇ ಹೋದ್ರು. ಅಲ್ಲಿ ಎದುರಾಗಿದ್ದು ಎಫ್-104 ಸ್ಟಾರ್‌ಫೈಟರ್. ಈ ಎರಡೂ ವಿಮಾನಕ್ಕೆ ಹೋಲಿಕೇನೇ ಇಲ್ಲ ನೋಡಿ. ಫ್ರೆಂಚರ ಮಿಸ್ಟೇರ್ ನೆಟ್ಟಗೆ ಹಾರಿದ್ರೆ ಶಬ್ದದ ವೇಗ ಮುಟ್ಟಲ್ಲ, ಮೂಗು ಕೆಳಗೆ ಮಾಡಿ ಧುಮುಕಿದ್ರೆ ಮಾತ್ರ ದಾಟತ್ತೆ. ಅಮೆರಿಕದ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ಓಡತ್ತೆ. ಮೇಲಾಗಿ ಸರ್ಗೋಧಾ ಮಿಸ್ಟೇರ್‌ಗೆ ದೂರ, ಕಾದಾಡ್ತಾ ನಿಂತ್ರೆ ವಾಪಸ್ ಬರೋಕೆ ಇಂಧನ ಸಾಲಲ್ಲ. ಆದ್ರೂ ದೇವಯ್ಯ ತಿರುಗಿ ನಿಂತ್ರು. ಅವರ ವಿಮಾನಕ್ಕೆ ಏಟು ಬಿದ್ದಿತ್ತು, ಆ ಏಟಿನ ಮೇಲೇ ಸ್ಟಾರ್‌ಫೈಟರನ್ನ ಗನ್ನಲ್ಲಿ ಹೊಡೆದು ಬೀಳಿಸಿದ್ರು. ಅದರ ಪೈಲಟ್ ಅಮ್ಜದ್ ಹುಸೇನ್ ಇಜೆಕ್ಟ್ ಆಗಿ ಬದುಕಿದ್ರು, ದೇವಯ್ಯ ವಾಪಸ್ ಬರ್ಲಿಲ್ಲ.

ನಮ್ಮ ಕಡೆಯವರು ಯಾರೂ ಅದನ್ನ ಕಣ್ಣಾರೆ ಕಂಡಿರ್ಲಿಲ್ಲ, ಅದಕ್ಕೇ ವರ್ಷಗಟ್ಟಲೆ ಅವರು ಲೆಕ್ಕದಲ್ಲಿ ಬರೀ ಕಾಣೆಯಾದ ಪೈಲಟ್. ಪಾಕಿಸ್ತಾನದ ಕಡೆಯಿಂದ ವಿಷಯ ಹೊರಗೆ ಬಂದು, ಮಹಾವೀರ ಚಕ್ರ ಕೊಟ್ಟಿದ್ದು 1988ರಲ್ಲಿ. 23 ವರ್ಷ! "ಸ್ಪೀಡು ಕಮ್ಮಿ, ನಿಜ. ಆದ್ರೆ ಕೆಳಗೆ, ನೆಲದ ಹತ್ರ, ತಿರುಗೋದ್ರಲ್ಲಿ ಸ್ಟಾರ್‌ಫೈಟರ್ ಆಟ ನಡೆಯಲ್ಲ ಕಣಮ್ಮ, ಅದರ ರೆಕ್ಕೆ ನೋಡಿದೀಯಾ, ಇಷ್ಟೇ ಇಷ್ಟು" ಅಂತ ಅಪ್ಪ ಕೈ ಮೊಳ ಮಾಡಿ ತೋರಿಸಿದ್ರು.

ಮಡಿಕೇರೀಲಿ ದೇವಯ್ಯ ಅವರ ಹೆಸರಿನ ಸರ್ಕಲ್ಲಿದೆ. ಮಂಜು ಇಳೀತಿತ್ತು, ಬಸ್ಸು ಜೀಪು ಎಲ್ಲಾ ಸುತ್ತಿ ಸುತ್ತಿ ಹೋಗ್ತಿದ್ವು, ಅಪ್ಪ ರಸ್ತೆ ಪಕ್ಕ ನಿಂತು ಅಟೆನ್ಷನ್‌ಗೆ ಬಂದು ಸಲ್ಯೂಟ್ ಹೊಡೆದ್ರು. ಅಂಗಡಿ ಮುಂದೆ ನಿಂತಿದ್ದ ಒಬ್ಬರು ವಯಸ್ಸಾದವರು ಏನೂ ಕೇಳ್ದೇನೇ ಬಂದು ಅಪ್ಪನ ಕೈ ಹಿಡ್ಕೊಂಡ್ರು. ಅಲ್ಲಿಂದ ಜನರಲ್ ತಿಮ್ಮಯ್ಯ ಅವರ ಮನೆ ಸನ್ನಿಸೈಡ್ ಮ್ಯೂಸಿಯಂಗೂ ಹೋಗಿ ಬಂದ್ವಿ, ಅದರ ಬಗ್ಗೆ ಬರೆದ್ರೆ ಇನ್ನೊಂದು ಕಥೇನೇ ಆಗತ್ತೆ, ಇಲ್ಲಿ ಬೇಡ.

ಎರಡನೇ ದಿನ, ಬೆಂಗಳೂರು

ಬೆಳಗ್ಗೆ ಬೇಗ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂ. ಹತ್ರದಲ್ಲೇ ಸುರಂಜನ್ ದಾಸ್ ರಸ್ತೆ, ನಾನು ಕಾಲೇಜು ದಿನಗಳಲ್ಲಿ ಆ ರಸ್ತೇಲಿ ಎಷ್ಟು ಸಲ ಓಡಾಡಿದೀನೋ ಲೆಕ್ಕ ಇಲ್ಲ, ಯಾರು ಈ ಸುರಂಜನ್ ದಾಸ್ ಅಂತ ಒಂದು ದಿನಾನೂ ಯೋಚನೆ ಮಾಡಿರ್ಲಿಲ್ಲ. 1961ರ ಜೂನ್ 17ರಂದು ಇದೇ ಬೆಂಗಳೂರಲ್ಲಿ ಎಚ್‌ಎಫ್-24 ಮಾರುತ್‌ನ ಮೊದಲನೇ ಸಲ ಹಾರಿಸಿದವರು ಅವರು. 1970ರ ಜನವರಿ 10ಕ್ಕೆ ರೀಹೀಟ್ (ಇಂಜಿನ್ ಹಿಂದೆ ಇನ್ನಷ್ಟು ಇಂಧನ ಉರಿಸಿ ಜೋರು ಹೆಚ್ಚಿಸೋ ವ್ಯವಸ್ಥೆ) ಹಾಕಿದ ಮಾರುತ್ ಪರೀಕ್ಷೆ ಮಾಡ್ತಾ ಟೇಕಾಫ್ ಆದ ಸ್ವಲ್ಪದರಲ್ಲೇ ಅಪಘಾತದಲ್ಲಿ ಹೋಗ್ಬಿಟ್ರು.

ಮ್ಯೂಸಿಯಂ ಹೊರಗಡೆ ಹುಲ್ಲಿನ ಮೇಲೆ ವಿಮಾನಗಳು ನಿಂತಿವೆ. ಅಪ್ಪ ಬೇರೆ ಯಾವುದನ್ನೂ ನೋಡ್ದೆ ಮಾರುತ್ ಹತ್ರ ಹೋದ್ರು. ಉದ್ದ ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ, ಪಕ್ಕದಿಂದ ನೋಡಿದ್ರೆ ನಿಂತಲ್ಲೇ ಓಡ್ತಿರೋ ಹಾಗಿದೆ. ನನ್ನ ಪ್ರಕಾರ ಇಷ್ಟು ಚೆಂದದ ಯುದ್ಧವಿಮಾನ ಕಮ್ಮಿ. ಎರಡನೇ ಮಹಾಯುದ್ಧದಲ್ಲಿ ಫೋಕ್-ವುಲ್ಫ್ 190 ಮಾಡಿದ ಜರ್ಮನ್ ಡಿಸೈನರ್ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಇಂಜಿನಿಯರ್‌ಗಳ ಜೊತೆ ಕೂತು ಮಾಡಿದ್ದು ಇದು. ಮೊದಲು ಇದೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆದು ಮೇಲೆ ಬಿಟ್ಟು ಪರೀಕ್ಷೆ ಮಾಡಿದ್ರಂತೆ, 1959ರಲ್ಲಿ. ಇಂಜಿನ್ನೇ ಇಲ್ಲದ ಮರದ ಮಾರುತ್ ನಮ್ಮ ಬೆಂಗಳೂರಿನ ಆಕಾಶದಲ್ಲಿ ಸದ್ದಿಲ್ದೆ ತೇಲ್ತಿದ್ದಿದ್ದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನತ್ತೆ.

ದುಃಖ ಅಂದ್ರೆ ಇಂಜಿನ್. ಶಬ್ದದ ಎರಡು ಪಟ್ಟು ವೇಗಕ್ಕೆ ಅಂತ ದೇಹ ರೆಡಿ ಆಯ್ತು, ಅದಕ್ಕೆ ಬೇಕಿದ್ದ ದೊಡ್ಡ ಆರ್ಫಿಯಸ್ ಇಂಜಿನ್ ಬ್ರಿಟನ್ನಲ್ಲಿ ತಯಾರಾಗ್ಲೇ ಇಲ್ಲ, ದುಡ್ಡು ಹಾಕೋರು ಯಾರೂ ಇರ್ಲಿಲ್ಲ. ಈಜಿಪ್ಟ್ ಇಂಜಿನ್ ಹಾಕಿ ನೋಡೋಣ ಅಂತ ಒಂದು ಮಾರುತ್‌ನ ಅಲ್ಲಿಗೂ ಕಳ್ಸಿದ್ರು, ಅದೂ ಕೈಗೂಡ್ಲಿಲ್ಲ. ಕೊನೆಗೆ ನ್ಯಾಟ್‌ಗೆ ಹಾಕ್ತಿದ್ದ ಜಾತಿಯ ಸಣ್ಣ ಆರ್ಫಿಯಸ್ಸನ್ನೇ ಎರಡು ಕೂರಿಸಿದ್ರು, ಹಾಗಾಗಿ ಮಾರುತ್ ಶಬ್ದದ ವೇಗದ ಹೊಸ್ತಿಲಿಗೇ ನಿಂತ್ಬಿಡ್ತು. 147 ಮಾಡಿದ್ರು, ಅಷ್ಟಕ್ಕೇ ಮುಗೀತು. ಪುಸ್ತಕದಲ್ಲಿ ಓದಿದವರು ಮಾರುತ್ ಫೇಲ್ ಅಂತ ಬರೆದ್ಬಿಡ್ತಾರೆ, ನನಗೂ ಹಾಗೇ ಅನ್ನಿಸಿತ್ತು, ಅಪ್ಪನಿಗೆ ಕೇಳೇ ಬಿಟ್ಟೆ.

ಅಪ್ಪ ತಕ್ಷಣ ಉತ್ತರ ಕೊಡ್ಲಿಲ್ಲ. ಮೂಗಿನ ಹತ್ರ ಹೋಗಿ ಗನ್ ಬಾಯಿಗಳನ್ನ ಬೆರಳಲ್ಲಿ ಎಣಿಸಿದ್ರು, ನಾಲ್ಕು. 30 ಮಿ.ಮೀ. ಆಡೆನ್ ಗನ್ನು, ಒಂದೊಂದಕ್ಕೆ 120 ಗುಂಡು. ಆಮೇಲೆ ಹೇಳಿದ್ರು. 1971ರ ಡಿಸೆಂಬರ್, ರಾಜಸ್ಥಾನದ ಮರಳುಗಾಡು, ಅಪ್ಪನಿಗೆ ಆಗ 21. ರಾತ್ರಿ ಕೊರೆಯೋ ಚಳೀಲಿ ಟಾರ್ಚ್ ಮೇಲೆ ಬಟ್ಟೆ ಕಟ್ಟಿ ಬೆಳಕು ಕಮ್ಮಿ ಮಾಡಿ ಗುಂಡು ತುಂಬ್ತಿದ್ರಂತೆ, ಕಬ್ಬಿಣ ಮುಟ್ಟಿದ್ರೆ ಬೆರಳು ಅಂಟ್ಕೊಳ್ಳೋ ಹಾಗೆ ತಣ್ಣಗಿರ್ತಿತ್ತು. ಬೆಳಕು ಹರಿಯೋ ಮುಂಚೆ ವಿಮಾನ ರೆಡಿ. ಒಂದು ದಿನ ನಾಲ್ಕು ಹೋಗಿದ್ದು ಮೂರು ಬಂತು. ನಾಲ್ಕನೇದು ತುಂಬಾ ಹೊತ್ತಾದ್ಮೇಲೆ ಬಂತು, ಸದ್ದೇ ಬೇರೆ ಥರ, ಒಂದೇ ಇಂಜಿನ್ ಓಡ್ತಿದೆ ಅಂತ ನೋಡೋಕೆ ಮುಂಚೆ ಕಿವಿಗೇ ಗೊತ್ತಾಯ್ತಂತೆ. ಕೆಳಗಿನಿಂದ ಹೊಡೆದ ಏಟು, ಹೊಟ್ಟೆ ಕೆಳಗೆ ತಗಡು ಸೀಳಿ ಹೋಗಿತ್ತು. ಪೈಲಟ್ ಇಳಿದು ವಿಮಾನದ ಸುತ್ತ ಒಂದು ಸುತ್ತು ಬಂದು ರೆಕ್ಕೆ ಮೇಲೆ ಕೈ ಇಟ್ಟು ನಿಂತ್ಕೊಂಡ್ರಂತೆ. "ಒಂದೇ ಇಂಜಿನ್ ಇದ್ದ ವಿಮಾನ ಆಗಿದ್ರೆ ಆ ಮನುಷ್ಯ ಮನೆಗೆ ಹೋಗ್ತಿರ್ಲಿಲ್ಲಮ್ಮ. ಸ್ಪೀಡ್ ಇರ್ಲಿಲ್ಲ, ಒಪ್ತೀನಿ. ನೆಲದ ಮೇಲೆ ಹಾಗೇ ಸವರ್ಕೊಂಡು ಹೋಗೋದ್ರಲ್ಲಿ ಮಾರುತ್ ಅಲುಗಾಡ್ತಿರ್ಲಿಲ್ಲ, ಕಲ್ಲು ಕಲ್ಲು."

ಆ ಯುದ್ಧದಲ್ಲಿ ಹೀಗೆ ಒಂದು ಇಂಜಿನ್ ಹೋಗಿ ಇನ್ನೊಂದರ ಮೇಲೆ ಮಾರುತ್ ವಾಪಸ್ ಬಂದಿದ್ದು ಒಂದು ಸಲ ಅಲ್ಲ, ಮೂರು ಸಲ ಆದ್ರೂ ದಾಖಲೆ ಇದೆ. ಡಿಸೆಂಬರ್ 7ಕ್ಕೆ ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಮಾರುತ್‌ನಿಂದಲೇ ಪಾಕಿಸ್ತಾನದ ಒಂದು ಸೇಬರ್ ಯುದ್ಧವಿಮಾನ ಹೊಡೆದು ಬೀಳಿಸಿದ್ರು. ಹಾಗಂತ ಅಪ್ಪ ಅದರ ಕುಂದನ್ನ ಮುಚ್ಚಿಡೋಲ್ಲ, ನಾಲ್ಕೂ ಗನ್ ಒಟ್ಟಿಗೆ ಹೊಡೆದ್ರೆ ಮೂಗೆಲ್ಲಾ ಅದುರಿ ತೊಂದ್ರೆ ಆಗ್ತಿತ್ತು ಅನ್ನೋದನ್ನೂ ಹೇಳಿದ್ರು.

ಕ್ಯಾನ್‌ಬೆರಾ ಪಕ್ಕ ಸ್ವಲ್ಪ ಹೊತ್ತು ಕೂತ್ವಿ. ಅದೂ ದೊಡ್ಡ ಕಥೆ, 1957ರಿಂದ 2007ರವರೆಗೆ 50 ವರ್ಷ ನಮ್ಮಲ್ಲಿ ಹಾರಿದ ಬಾಂಬರ್, ಕಾರ್ಗಿಲ್ ಹೊತ್ತಲ್ಲಿ 1999ರ ಮೇ 21ಕ್ಕೆ ಒಂದು ಕ್ಯಾನ್‌ಬೆರಾ ಇಂಜಿನ್‌ಗೆ ಮಿಸೈಲ್ ಬಿದ್ದೂ ವಾಪಸ್ ಬಂತು. ಆದ್ರೆ ಅಪ್ಪ ಅದನ್ನ ನೋಡಿದಾಗೆಲ್ಲಾ ಹೇಳೋದು ಒಂದೇ ವಿಷಯ, ದಾಳಿಗೆ ಹೋಗ್ತಿದ್ದ ಆ ಮಾಡೆಲಲ್ಲಿ ಪೈಲಟ್‌ಗೆ ಇಜೆಕ್ಷನ್ ಸೀಟಿತ್ತು, ನ್ಯಾವಿಗೇಟರ್‌ಗೆ ಇರ್ಲಿಲ್ಲ. ಸೀಟಿನ ಕಾರ್ಟ್ರಿಜ್ಜು ಹಾಕ್ತಿದ್ದ ಕೈಗೆ ಅದು ಎಷ್ಟು ಚುಚ್ಚತ್ತೋ ಅವರಿಗೇ ಗೊತ್ತು.

ಸಣ್ಣ ಎಚ್‌ಟಿ-2 ತರಬೇತಿ ವಿಮಾನಾನೂ ಅಲ್ಲಿದೆ, ಡಾ. ವಿ.ಎಂ. ಘಾಟಗೆ ಡಿಸೈನ್ ಮಾಡಿದ್ದು, 1951ರ ಆಗಸ್ಟ್ 5ಕ್ಕೆ ಮೊದಲು ಹಾರಿಸಿದವರು ಜಮ್ಶೆಡ್ ಮುನ್ಶಿ. ಈ ಹೆಸರು ನೆನಪಿಟ್ಕೋ, ದಿಲ್ಲೀಲಿ ಬೇಕಾಗತ್ತೆ ಅಂದ್ರು ಅಪ್ಪ.

ಮೂರನೇ ದಿನ, ಚಿಕ್ಕಮ್ಮನ ಮನೆ

ಅಪ್ಪನ ಮಂಡಿ ಊದಿಕೊಂಡಿತ್ತು, ಎಲ್ಲೂ ಹೋಗ್ಲಿಲ್ಲ. ಸಂಜೆ ಚಿಕ್ಕಮ್ಮನ ಮಗ ಕೆಲಸದಿಂದ ಬಂದವನು ಮಾತಿನ ಮಧ್ಯೆ, ಅಪಘಾತದಲ್ಲಿ ಎಷ್ಟೋ ಪೈಲಟ್‌ಗಳು ಹೋದ್ರು ಅಂತ, ಮಿಗ್-21ನ ಹಾರುವ ಶವಪೆಟ್ಟಿಗೆ ಅಂದ. ಅಪ್ಪ ಸಿಟ್ಟು ಮಾಡ್ಕೊಳ್ಳೋ ಮನುಷ್ಯ ಅಲ್ಲ, ಅವತ್ತು ಧ್ವನಿ ಏರಿಸಿದ್ರು. "ಅದು ಇಳಿಯೋದೇ ಗಂಟೆಗೆ 300 ಕಿಲೋಮೀಟರ್ ಆಸುಪಾಸು ಕಣೋ. ನಮ್ಮ ಹುಡುಗರು ಕಿರಣ್ ಥರದ ಮೆತ್ತಗಿನ ವಿಮಾನದಲ್ಲಿ ಕಲ್ತು ಸೀದಾ ಅದರೊಳಗೆ ಕೂರ್ತಿದ್ರು. ಮಧ್ಯದ ಮೆಟ್ಟಿಲು ಹಾಕ್ಬೇಕಿದ್ದ ಹಾಕ್ ಟ್ರೇನರ್ ಬಂದಿದ್ದು ಯಾವಾಗ? 2008ಕ್ಕೆ! ವಿಮಾನನ ಬೈದ್ರೆ ಆಯ್ತಾ?"

ಅವರು ಹೇಳಿದ್ದು ಸರಿ. ಜೊತೆಗೆ ನನಗೆ ಇನ್ನೊಂದೂ ಅನ್ನಿಸತ್ತೆ, ಮಗನ್ನ ಕಳ್ಕೊಂಡ ತಾಯಿ ಆ ಮಾತು ಹೇಳಿದ್ರೆ ಅವರ ಮುಂದೆ ಈ ಲೆಕ್ಕಗಳನ್ನ ಇಡೋಕೆ ನನ್ನಿಂದ ಆಗಲ್ಲ. ಆದ್ರೆ ಮಿಗ್ ಮಾಡಿದ ಕೆಲಸಾನೂ ಮರೆಯೋ ಹಾಗಿಲ್ಲ, 1971ರ ಡಿಸೆಂಬರ್ 14ಕ್ಕೆ ಢಾಕಾದಲ್ಲಿ ಪೂರ್ವ ಪಾಕಿಸ್ತಾನದ ಗವರ್ನರ್ ಮನೇಲಿ ಸಭೆ ನಡೀತಿದ್ದಾಗಲೇ ರಾಕೆಟ್ ಹೊಡೆದಿದ್ದು ಮಿಗ್-21, ಗವರ್ನರ್ ಅವತ್ತೇ ರಾಜೀನಾಮೆ ಬರೆದ್ರು. ಅದಕ್ಕೆ ಎರಡು ದಿನ ಮೊದಲು ಪಶ್ಚಿಮದಲ್ಲಿ ಮಿಗ್-21ಗೆ ಸ್ಟಾರ್‌ಫೈಟರ್ ಸಿಕ್ಕಿತ್ತು, ಆರು ವರ್ಷದ ಹಿಂದೆ ದೇವಯ್ಯ ಅವರಿಗೆ ಎದುರಾಗಿದ್ದ ಅದೇ ಜಾತಿ, ಈ ಸಲ ಅಟ್ಟಿಸ್ಕೊಂಡು ಹೋಗೋ ಸ್ಪೀಡು ನಮ್ಮ ಹತ್ರಾನೂ ಇತ್ತು. ಆಗಿನ ಎಫ್‌ಎಲ್ ಮಾಡೆಲ್ಲಿಗೆ ಒಳಗೆ ಗನ್ನೇ ಇರ್ಲಿಲ್ಲ, ಹೊಟ್ಟೆ ಕೆಳಗೆ ಗನ್ ಪಾಡ್ ನೇತು ಹಾಕ್ತಿದ್ರು ಅನ್ನೋದು ಮಾತ್ರ ಅಪ್ಪನಿಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ನಾಲ್ಕನೇ ದಿನ

ದಿಲ್ಲಿಗೆ ವಿಮಾನ, ರೂಮು, ಊಟ, ನಿದ್ದೆ. ಅಪ್ಪನಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು, ಇಡೀ ದಾರಿ ರೆಕ್ಕೇನೇ ನೋಡ್ತಾ ಕೂತಿದ್ರು.

ಐದನೇ ದಿನ, ಪಾಲಂ

ಏರ್‌ಫೋರ್ಸ್ ಮ್ಯೂಸಿಯಂಗೆ ಸೋಮವಾರ ಮಂಗಳವಾರ ರಜೆ, ಅದಕ್ಕೇ ಬುಧವಾರಕ್ಕೆ ಹೊಂದಿಸ್ಕೊಂಡಿದ್ದು. ಹೊರಗಡೆ ದೊಡ್ಡ ವಿಮಾನಗಳ ಸಾಲಲ್ಲಿ ಲಿಬರೇಟರ್ ಇದೆ, ನಾಲ್ಕು ಇಂಜಿನ್ನಿನ ಅಮೆರಿಕನ್ ಬಾಂಬರ್. ಮುನ್ಶಿ ಹೆಸರು ಬೇಕಾಗಿದ್ದು ಇಲ್ಲಿ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್‌ಗಳನ್ನ ಯಾರೂ ಬಳಸ್ಬಾರ್ದು ಅಂತ ಬೇಕಂತಲೇ ಹಾಳು ಮಾಡಿ ಬಿಟ್ಟು ಹೋಗಿದ್ರು. ಎಚ್‌ಎಎಲ್‌ನವರು ಆ ರಾಶಿಯಿಂದ ಹಾರೋಕಾಗೋ ಅಷ್ಟು ಸರಿ ಮಾಡಿ ಕೊಟ್ರು, ಮುನ್ಶಿ ಅವನ್ನ ಒಂದೊಂದಾಗಿ ಬೆಂಗಳೂರಿಗೆ ಹಾರಿಸ್ಕೊಂಡು ಬಂದ್ರು. ಗುಜರಿಗೆ ಬಿದ್ದಿದ್ದ ವಿಮಾನಗಳು 1948ರಿಂದ 1968ರವರೆಗೆ ನಮ್ಮ ಏರ್‌ಫೋರ್ಸಲ್ಲಿ ದುಡಿದ್ವು. ಎಷ್ಟು ಚೆನ್ನಾಗಿ ಇಟ್ಟಿದ್ರು ಅಂದ್ರೆ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂಗೇ ಲಿಬರೇಟರ್ ಹೋಗಿದ್ದು ನಮ್ಮಿಂದ. ಬೆಂಗಳೂರಿನ ಕೈಕೆಲಸ ಅದು, ಹೇಳ್ಕೊಳ್ಳೋಕೆ ನನಗೆ ಹೆಮ್ಮೆ.

ಒಳಗೆ ಹ್ಯಾಂಗರಲ್ಲಿ ವಾಪಿಟಿ, ಲೈಸಾಂಡರ್, ಸ್ಪಿಟ್‌ಫೈರ್, ಟೆಂಪೆಸ್ಟ್, ತೂಫಾನಿ ಎಲ್ಲಾ ಒತ್ತೊತ್ತಾಗಿ ನಿಂತಿವೆ. ಮಿಸ್ಟೇರ್ ಮುಂದೆ ಇಬ್ಬರೂ ಮಾತಾಡ್ಲಿಲ್ಲ. ನಾನು ಅಂದ್ಕೊಂಡಿದ್ದಕ್ಕಿಂತ ದಪ್ಪ, ಮೂಗಿಗೆ ದುಂಡು ಬಾಯಿ, ನೋಡಿದ್ರೆ ರೇಸಿನ ವಿಮಾನ ಅಂತ ಯಾರೂ ಹೇಳಲ್ಲ. ಇದರಲ್ಲಿ ಕೂತು ಸ್ಟಾರ್‌ಫೈಟರ್ ಕಡೆಗೆ ತಿರುಗಿದ್ರಲ್ಲ ಆ ಕೊಡಗಿನ ಮನುಷ್ಯ. ಅಪ್ಪ ಗನ್ ಬಾಯಿ ಕಡೆ ಬಗ್ಗಿ ನೋಡಿ, "ಇದು ಡೆಫಾ, ನಮ್ಮ ಆಡೆನ್ ಇದರ ತಮ್ಮನೇ, ಎರಡೂ ಜರ್ಮನ್ ಮೌಸರ್ ಗನ್ ನೋಡಿ ಮಾಡಿದ್ದು" ಅಂದ್ರು.

ನ್ಯಾಟ್ ಹತ್ರ ಬಂದಾಗ ಅಲ್ಲಿ ಡ್ಯೂಟೀಲಿದ್ದ ಹುಡುಗ ನಮ್ಮ ಕನ್ನಡ ಕೇಳಿಸ್ಕೊಂಡು ಓಡಿ ಬಂದ. ಬಾಗಲಕೋಟೆ ಕಡೆಯವನು, ಸೇರಿ ನಾಲ್ಕು ವರ್ಷ. "ನೀವು ಯಾವ ಟ್ರೇಡ್ ಇದ್ರಿ ಸರ?" ಅಂತ ಕೇಳಿದ. ಆರ್ಮಮೆಂಟ್ ಅಂದಿದ್ದೇ ತಡ, "ನಂದೂ ಅದ ಟ್ರೇಡ್ ರೀ ಸರ" ಅಂದ. ಅಪ್ಪನ ಮುಖ ನೋಡ್ಬೇಕಿತ್ತು.

ನ್ಯಾಟ್ ಎಷ್ಟು ಪುಟ್ಟದು ಅಂದ್ರೆ ರೆಕ್ಕೆ ತುದಿಯಿಂದ ತುದಿಗೆ 7 ಮೀಟರ್ ಕೂಡ ಇಲ್ಲ. ಏಣಿ ಇಲ್ದೇನೇ ನೆಲದ ಮೇಲೆ ನಿಂತು ಬಹುಪಾಲು ಕೆಲಸ ಮಾಡ್ಬಹುದಿತ್ತಂತೆ. ಹಾರ್ತಿರುವಾಗ ವೇಗ ಕಮ್ಮಿ ಮಾಡೋಕೆ ಬೇರೆ ಏರ್‌ಬ್ರೇಕ್ ಇಲ್ಲ, ಚಕ್ರಗಳನ್ನೇ ಅರ್ಧ ಇಳಿಸಿದ್ರೆ ಅದೇ ಏರ್‌ಬ್ರೇಕು. 1965ರಲ್ಲಿ ಕೀಲರ್, ಪಠಾನಿಯಾ ಇದರಲ್ಲಿ ಸೇಬರ್‌ಗಳನ್ನ ಹೊಡೆದ್ಮೇಲೆ ಸೇಬರ್ ಸ್ಲೇಯರ್ ಅಂತ ಹೆಸರು ಬಂತು, 1971ರ ನವೆಂಬರ್ 22ರ ಬೋಯ್ರಾ ಕಾಳಗದಲ್ಲಿ ಮ್ಯಾಸಿ, ಗಣಪತಿ, ಲಜಾರಸ್ ಇದರಿಂದಲೇ ಸೇಬರ್ ಕೆಡವಿದ್ರು. ಡಿಸೆಂಬರ್ 14ಕ್ಕೆ ಶ್ರೀನಗರದ ಮೇಲೆ ಆರು ಸೇಬರ್‌ಗಳಿಗೆ ಎದುರಾಗಿ ಜೀವ ಕೊಟ್ಟ ನಿರ್ಮಲ್ ಜಿತ್ ಸಿಂಗ್ ಸೇಖೋಂ, ಏರ್‌ಫೋರ್ಸಿನ ಒಬ್ಬರೇ ಒಬ್ಬರು ಪರಮವೀರ ಚಕ್ರದವರು, ಅವರೂ ನ್ಯಾಟ್. ಇಷ್ಟು ಪುಟ್ಟ ವಿಮಾನ ಕಣ್ಣಿಗೆ ಬೀಳೋದೇ ಕಷ್ಟ, ತಿರುಗಿದ್ರೆ ಸೇಬರ್‌ಗೆ ಸಮ, ಮೇಲಕ್ಕೆ ಏರಿದ್ರೆ ಸೇಬರ್ ಹಿಂದೆ.

"ಜಾಮ್ ಆಗ್ತಿದ್ವಂತಲ್ರೀ ಸರ ಗನ್ನು?" ಹುಡುಗ ಕೇಳಿದ.

ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ರು. ಆಗ್ತಿತ್ತು ಅಂದ್ರು. ನ್ಯಾಟ್‌ಗೆ ಎರಡೇ ಗನ್ನು, ಒಂದೊಂದಕ್ಕೆ 115 ಗುಂಡು, ಆಡೆನ್ ಹೊಡೆಯೋ ವೇಗಕ್ಕೆ ಆರು ಸೆಕೆಂಡಲ್ಲಿ ಎಲ್ಲಾ ಖಾಲಿ. ಆ ಆರು ಸೆಕೆಂಡಿಗೋಸ್ಕರ ಒಬ್ಬ ಮನುಷ್ಯ ಮೇಲೆ ಹೋಗಿರ್ತಾನೆ. ಶತ್ರು ಮುಂದೆ ಬಂದಾಗ ಟ್ರಿಗರ್ ಒತ್ತಿ ಗುಂಡು ಬರ್ಲಿಲ್ಲ ಅಂದ್ರೆ ಅವನಿಗೆ ಮೊದಲು ನೆನಪಾಗೋದು ಕೆಳಗೆ ಬೆಲ್ಟ್ ತುಂಬಿದ ನಾವು. ಇಷ್ಟು ವರ್ಷದಲ್ಲಿ ಅಪ್ಪ ಈ ಮಾತನ್ನ ಮನೇಲಿ ಆಡಿದ್ದೇ ಇಲ್ಲ.

ನಾನು ನೀರು ತರೋಕೆ ಹೊರಗೆ ಹೋದೆ. ವಾಪಸ್ ಬರೋ ಹೊತ್ತಿಗೆ ಇಬ್ಬರೂ ಹಂಟರ್ ಹತ್ರ ಇದ್ರು. ಅದರ ನಾಲ್ಕು ಗನ್ನು, ಗುಂಡಿನ ಪೆಟ್ಟಿಗೆ ಎಲ್ಲಾ ಸೇರಿ ಒಂದೇ ಪ್ಯಾಕು, ಖಾಲಿ ಆದ್ರೆ ಇಡೀ ಪ್ಯಾಕನ್ನೇ ಕೆಳಗಿಳಿಸಿ ತುಂಬಿದ್ದನ್ನ ಏರಿಸೋದು, ನಳಿಗೆ ಮಾತ್ರ ವಿಮಾನದಲ್ಲೇ ಉಳ್ಕೊಳ್ಳತ್ತೆ. ಇಷ್ಟು ಬುದ್ಧಿ ಓಡಿಸಿ ಮಾಡಿದ ವಿಮಾನ ಇನ್ನೊಂದಿಲ್ಲ ಅನ್ನೋದು ಅಪ್ಪನ ಮಾತು, 1971ರಲ್ಲಿ ರಾಜಸ್ಥಾನದ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳ ಮೇಲೆ ಬೆಳಗಿಂದ ಮತ್ತೆ ಮತ್ತೆ ಹಂಟರ್ ಹಾರಿಸೋಕಾಗಿದ್ದೂ ಕೆಳಗೆ ಹೀಗೆ ಬೇಗ ಬೇಗ ಕೈ ಓಡ್ತಿದ್ದಿದ್ದಕ್ಕೇ. ಮೂಗಿನ ಕೆಳಗೆ ಎರಡು ಉಬ್ಬು ಇವೆ, ಸಬ್ರಿನಾ ಅಂತಾರೆ, ಗುಂಡುಗಳನ್ನ ಒಂದಕ್ಕೊಂದು ಸೇರಿಸಿ ಬೆಲ್ಟ್ ಮಾಡೋ ಕೊಂಡಿಗಳು, ಅಂದ್ರೆ ಗುಂಡು ಹಾರಿದ್ಮೇಲೆ ಬಿಡಿಬಿಡಿಯಾಗೋ ಲಿಂಕುಗಳು, ವಿಮಾನಕ್ಕೆ ಬಡೀಬಾರ್ದು ಅಂತ ಅದರೊಳಗೆ ಬೀಳತ್ವೆ. ಮಂಡಿ ನೋವನ್ನ ಮರೆತು ಅಪ್ಪ ಅದರ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ರು, ಹುಡುಗ ಅವರ ಬಲಗಿವಿ ಕಡೆ ಬಂದು ಕೂತಿದ್ದ. ಅಪ್ಪ ವಾಚು ಬಿಚ್ಚಿ ಸ್ಟೀಲ್ ಪಟ್ಟಿನ ಉದ್ದಕ್ಕೆ ಹಿಡಿದು ಹೆಬ್ಬೆರಳಲ್ಲಿ ಒಂದೊಂದೇ ಕೊಂಡಿ ಸವರ್ತಾ, ಒಂದು ಕಡೆ ನಿಲ್ಲಿಸಿ, "ಇಲ್ಲಿ, ಹೀಗೆ ಒಂದು ಕೂದಲೆಳೆ ಬಾಗಿದ್ರೆ ಸಾಕು, ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗತ್ತೆ, ನೋಡು" ಅಂತ ಹುಡುಗನ ಕೈಗೆ ಕೊಟ್ರು.